ಅಷ್ಟಗ್ರಹದ ವಾರ ಮತ್ತು ಒಂದು ದವಡೆ ಹಲ್ಲು

ನನ್ನ ಬಲ ದವಡೆಯ ಅಂಚಿನಲ್ಲಿ ಅರ್ಧ ಅಂಗುಲ ಉದ್ದದ ಗಾಯದ ಗೆರೆಯೊಂದಿದೆ. ಅದು ಯಾವಾಗಿನದೆಂದು ಕೇಳಿದವರಿಗೆ ‘ಮದುವೆಯಾದ ಮರುವರ್ಷದ್ದು’ ಎಂದು ಬಹುಕಾಲ ಹೇಳುತ್ತಿದ್ದೆ. ಅದು ತಪ್ಪು. ತಾಡವೋಲೆಗಳ ಕೊನೆಯಲ್ಲಿ ಲಿಪಿಕಾರರು ಬರೆದಿಟ್ಟ ತಿಥಿ, ವಾರ, ಸಂವತ್ಸರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ನನ್ನದೇ ಮುಖದ ಮೇಲಿನ ಗುರುತಿಗೆ ಮಾತ್ರ ತಪ್ಪು ವರ್ಷವನ್ನು ಹೇಳುತ್ತ ಬಂದಿದ್ದೆ. ನಿವೃತ್ತಿಯ ನಂತರ ಎರಡು ಆಧಾರಗಳನ್ನು ಎದುರಿಗಿಟ್ಟುಕೊಂಡು ಅದನ್ನು ತಿದ್ದಿದೆ. ಒಂದು, ಪ್ಲವ ಸಂವತ್ಸರದ ಪಂಚಾಂಗ. ಅದರ ಅಂಚುಗಳಲ್ಲಿ ನನ್ನ ಪತಿ ಪೆನ್ಸಿಲಿನಲ್ಲಿ ಒಂದೆರಡು ಶಬ್ದಗಳ ಟಿಪ್ಪಣಿ ಹಾಕುತ್ತಿದ್ದರು. ಇನ್ನೊಂದು, ಬಂಟ್ವಾಳದ ವೈದ್ಯರು ಬರೆದುಕೊಟ್ಟ ಚೀಟಿ. ಚೀಟಿಯ ಮೇಲ್ಭಾಗದಲ್ಲಿ ಮದ್ರಾಸು ಸರಕಾರದ ಹೆಸರು ಅಚ್ಚಾಗಿದೆ. ತಲೆಬರಹವನ್ನಷ್ಟೇ ನೋಡಿದವರು ಅದನ್ನು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ೧೯೫೬ರ ನವೆಂಬರಿಗಿಂತ ಹಿಂದಕ್ಕೆ ತಳ್ಳಿಬಿಡಬಹುದು. ಆದರೆ ಹಳೆಯ ನಮೂನೆಯ ಕಾಗದಗಳು ಮುಗಿಯುವವರೆಗೂ ಬಳಕೆಯಲ್ಲಿದ್ದವು. ಕೆಳಗೆ ಶಾಯಿಯಲ್ಲಿ ಬರೆದ ದಿನಾಂಕ ಸ್ಪಷ್ಟವಾಗಿದೆ: ೭-೨-೧೯೬೨, ಬುಧವಾರ.

ಆಗ ನಾನು ಏಳನೆಯ ತಿಂಗಳ ಬಸುರಿ.

ನಾನು ಹುಟ್ಟಿ ಬೆಳೆದದ್ದು ಮೂಡುಬಿದಿರೆಯಲ್ಲಿ. ತಂದೆ ಶಾಲಾ ಅಧ್ಯಾಪಕರು. ೧೯೬೦ರ ಮೇ ತಿಂಗಳಲ್ಲಿ ಮದುವೆಯಾಗಿ ಬೆಳ್ತಂಗಡಿಗೆ ಬಂದೆ. ಪತಿ ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತರು. ಪೇಟೆಯ ಅಂಚಿನ ಆ ಮನೆಯಲ್ಲಿ ಅತ್ತೆ, ಪತಿ ಮತ್ತು ನಾನು ಮೂವರೇ. ಅತ್ತೆಯ ಉಳಿದ ಮಕ್ಕಳೆಲ್ಲ ಬೇರೆ ಬೇರೆ ಊರುಗಳಲ್ಲಿದ್ದರು.

ತೌರಿನಿಂದ ನಾನು ತಂದ ಸಾಮಾನುಗಳಲ್ಲಿ ಹಲ್ಲುಜ್ಜುವ ಬ್ರಶ್ಶೊಂದಿತ್ತು. ಎರಡನೆಯ ದಿನ ಬೆಳಿಗ್ಗೆ ಬಾವಿಕಟ್ಟೆಯ ಬಳಿ ಅದನ್ನು ಕಂಡ ಅತ್ತೆ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

“ಇದರದ್ದು ಕೂದಲು ಯಾವುದರದ್ದು?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೆ.

“ನನಗೆ ಗೊತ್ತುಂಟು. ಹಂದಿಯದ್ದು. ಬಾಯಿಗೆ ಹಾಕಿ ಅದೇ ಬಾಯಲ್ಲಿ ದೇವರ ಹೆಸರು ಹೇಳುವುದಾ ಮಗಾ? ನಮ್ಮ ಮನೆಯಲ್ಲಿ ಇದೆಲ್ಲ ಬೇಡ.”

ಬ್ರಶ್ಶು ಮಾಡಿನ ಹಂಚಿನ ಸಂದಿಗೆ ಸೇರಿತು. ನಾನು ಮಾವಿನ ಎಲೆ ಮತ್ತು ಉಮಿ ಸುಟ್ಟ ಕರಿಪುಡಿಗೆ ಒಗ್ಗಿದೆ. ಅವುಗಳಿಂದ ಹಲ್ಲು ಹಾಳಾಯಿತೆಂದು ನಾನು ಹೇಳಲಾರೆ. ಊರಿಗೆ ಊರೇ ಅವುಗಳಲ್ಲಿ ಹಲ್ಲುಜ್ಜಿ ಅಡಿಕೆ ಜಗಿಯುತ್ತಿತ್ತು. ತೊಂದರೆಯಾದದ್ದು ಅವುಗಳನ್ನೂ ಬಿಟ್ಟದ್ದರಿಂದ. ೧೯೬೧ರ ದೀಪಾವಳಿಯ ಸುಮಾರಿಗೆ, ನಾಲ್ಕನೆಯ ತಿಂಗಳಲ್ಲಿ, ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಾಗಿತ್ತು. ಅತ್ತೆ ಅದನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡದ್ದು ನನಗೆ ನೆನಪಿದೆ. ಹಲ್ಲಿನ ಸಂದಿಯ ಅಷ್ಟು ರಕ್ತಕ್ಕೆ ಅವರೇಕೆ ಅಷ್ಟು ಹೆದರಿದರೆಂಬುದು ಅಂದು ತಿಳಿಯಲಿಲ್ಲ.

“ಇನ್ನು ತಿಕ್ಕಬೇಡ. ನಾಳೆಯಿಂದ ಬರೀ ನೀರು ಮುಕ್ಕಳಿಸಿದರೆ ಸಾಕು. ಅದು ನಿನ್ನ ರಕ್ತ ಅಲ್ಲ, ಮಗುವಿನದ್ದು.”

ವಸಡಿನಲ್ಲಿ ರಕ್ತ ಕಂಡರೆ ಹಲ್ಲು ತಿಕ್ಕುವುದನ್ನು ನಿಲ್ಲಿಸುವುದು. ನಿಲ್ಲಿಸಿದ್ದರಿಂದ ವಸಡು ಇನ್ನಷ್ಟು ಊದಿ ಇನ್ನಷ್ಟು ರಕ್ತ ಬಂದರೆ, ನಿಲ್ಲಿಸಿದ್ದು ಸಾಲದೆಂದು ಮುಕ್ಕಳಿಸುವುದನ್ನೂ ಕಡಿಮೆ ಮಾಡುವುದು. ಸುತ್ತಿನ ಮನೆಗಳಲ್ಲಿ ಬಸುರಿಯರಿಗೆ ಹೇಳಿಕೊಡುತ್ತಿದ್ದ ಕ್ರಮವೇ ಇದು. ಇದರ ಜೊತೆಗೆ ಬಸುರಿಯ ಬಾಯಿಗೆ ಏನಾದರೊಂದು ಸಿಹಿ ಹಾಕದೆ ಯಾರೂ ಹಿಂದಿರುಗುತ್ತಿರಲಿಲ್ಲ. ಬೆಲ್ಲ ಕಲಸಿದ ಅವಲಕ್ಕಿ, ಎಳ್ಳುಂಡೆ, ನೆಂಟರು ತಂದ ಕಾಯಿಹೋಳಿಗೆ. ಬೇಡವೆಂದರೆ ಮಗುವಿಗೆ ಬೇಡವೆಂದಂತೆ. ತಿಂದು ವಾಂತಿ ಮಾಡುತ್ತಿದ್ದೆ. ವಾಂತಿ ನಿಲ್ಲಲೆಂದು ವೀಳ್ಯದೆಲೆಯ ಮಡಿಕೆಯಲ್ಲಿ ಚೂರು ಹೊಗೆಸೊಪ್ಪು ಇಟ್ಟುಕೊಡುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಚಾವಡಿಯಲ್ಲಿ ಕುಳಿತು ಬಾಯಿ ತೆರೆದು, ತೋರುಬೆರಳನ್ನು ಒಂದೊಂದು ಬೋಳು ಜಾಗಕ್ಕೆ ಮುಟ್ಟಿಸಿ ನನಗೆ ಧೈರ್ಯ ಹೇಳಿದರು. ಪ್ರತಿ ಮಗುವೂ ತಾಯಿಯಿಂದ ಒಂದು ಹಲ್ಲು ಕೇಳುತ್ತದೆ, ಅದನ್ನು ಕೊಟ್ಟುಬಿಡಬೇಕು, ಅಳಬಾರದು ಎಂಬುದು ಅವರ ಮಾತಿನ ಸಾರ.

“ಇದು ನಿನ್ನ ಗಂಡನದ್ದು, ನೋಡು. ಹುಟ್ಟುವ ಮೊದಲೇ ಹಟ. ಇದು ಸಣ್ಣವನದ್ದು. ಇದು ಪುತ್ತಿಗೆಯಲ್ಲಿ ಇರುವವಳದ್ದು. ಈ ಎರಡು ಅವಳಿಗಳದ್ದು, ಒಟ್ಟಿಗೇ ಹೋಯ್ತು. ಇದು ದೊಡ್ಡವಳದ್ದು.”

ನಾನು ಎಣಿಸಿದೆ. ನನಗೆ ಗೊತ್ತಿದ್ದ ಮಕ್ಕಳು ಐವರು. ಅವರಲ್ಲಿ ಹಿರಿಯರು ನನ್ನ ಪತಿ. ‘ದೊಡ್ಡವಳು ಯಾರು?’ ಎಂದು ಕೇಳುವಷ್ಟರಲ್ಲಿ ಅತ್ತೆ ಬಾಯಿ ಮುಚ್ಚಿ ಎದ್ದು ಹೋಗಿದ್ದರು. ಸಂಜೆ ಪತಿಯನ್ನು ಕೇಳಿದಾಗ ಅವರು ಅಂಗಿ ಕಳಚುತ್ತ, “ಈಗ ಆ ಸುದ್ದಿ ಬೇಡ” ಎಂದರು. ಅಂದಿನಿಂದ ನಾಲಿಗೆ ತಾನಾಗಿ ನನ್ನ ಬಲಗಡೆಯ ಕೆಳಗಿನ ದವಡೆ ಹಲ್ಲಿಗೆ ಹೋಗತೊಡಗಿತು. ಅಲ್ಲಿ ಸಣ್ಣದೊಂದು ಗುಳಿಯಿತ್ತು.

ನೋವು ಆರಂಭವಾದದ್ದು ಮಕರ ಸಂಕ್ರಮಣದ ಮರುದಿನ. ಪಂಚಾಂಗದಲ್ಲಿ ಆ ದಿನಕ್ಕೆದುರಾಗಿ ‘ಹಲ್ಲು’ ಎಂಬ ಒಂದೇ ಶಬ್ದವಿದೆ. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟೆವು. ನಾಲ್ಕು ದಿನ ತಡೆಯಿತು. ಆಮೇಲೆ ತಡೆಯಲಿಲ್ಲ. ಬೆಳ್ತಂಗಡಿಯ ವೈದ್ಯರು ನೋಡಿ, ಹಲ್ಲು ತೆಗೆಸುವುದೇ ಸರಿ, ಬಂಟ್ವಾಳದಲ್ಲಿ ತೆಗೆಯಬಲ್ಲ ವೈದ್ಯರಿದ್ದಾರೆ ಎಂದು ಪತಿಗೆ ಹೇಳಿ ಕಳಿಸಿದರು. ಅತ್ತೆ ಆ ಮಾತನ್ನು ಮುಗಿಯಲು ಬಿಡಲಿಲ್ಲ.

“ಬಸುರಿಯ ಬಾಯಿಗೆ ಇಕ್ಕಳ ಹಾಕುವುದು ಆಗದು. ಅದೂ ಈ ತಿಂಗಳಲ್ಲಿ!”

ಆ ತಿಂಗಳೆಂದರೆ ತುಳುವಿನ ಪುಯಿಂತೆಲ್, ಸೂರ್ಯ ಮಕರದಲ್ಲಿರುವ ತಿಂಗಳು. ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡುತ್ತವೆ, ಫೆಬ್ರವರಿ ಮೂರರ ಶನಿವಾರದಿಂದ ಐದರ ಸೋಮವಾರದವರೆಗೆ ಲೋಕಕ್ಕೆ ಕೇಡು ಎಂಬ ಮಾತು ಆಗ ದೇಶವನ್ನೇ ಹಿಡಿದಿತ್ತು. ಕಚೇರಿಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಅದೇ ಮಾತು. ಸಮುದ್ರ ಬಿ.ಸಿ.ರೋಡಿನವರೆಗೆ ಬರುವುದೋ ಘಟ್ಟದ ಬುಡದವರೆಗೆ ಬರುವುದೋ ಎಂದು ಓದಿದವರೂ ಚರ್ಚಿಸುತ್ತಿದ್ದರು. ದೇವಸ್ಥಾನದಲ್ಲಿ ಹೋಮಕ್ಕೆ ಕಟ್ಟಿಗೆ ಒಟ್ಟುತ್ತಿದ್ದರು. ಬಸುರಿಯರಿಗೆ ಬೇರೆಯೇ ಕಟ್ಟಳೆಗಳಿದ್ದವು: ಕತ್ತಿ, ಸೂಜಿ ಮುಟ್ಟಬಾರದು, ಮೈಯಿಂದ ರಕ್ತ ಬೀಳಬಾರದು, ಹೊಳೆ ದಾಟಬಾರದು. ಏಳನೆಯ ತಿಂಗಳಲ್ಲಿ ಬಯಕೆಯ ಊಟ ಮಾಡಿಸಿ ತೌರಿನವರು ನನ್ನನ್ನು ಮೂಡುಬಿದಿರೆಗೆ ಕರೆದೊಯ್ಯುವುದೆಂದಿತ್ತು. ಅದನ್ನೂ ಅಷ್ಟಗ್ರಹ ಕಳೆಯಲೆಂದು ಮುಂದೆ ಹಾಕಿದರು. ಬಯಕೆಯಾಗದೆ ತೌರಿಗೆ ಹೋಗುವಂತಿಲ್ಲ. ನೋವನ್ನು ತಂದೆಗೆ ಬರೆಯಲು ಕಾರ್ಡು ಕೈಗೆತ್ತಿಕೊಂಡು, ‘ಕ್ಷೇಮ’ ಎಂದಷ್ಟೇ ಬರೆದು ಹಾಕಿದೆ. ಆ ಕಾರ್ಡು ತಂದೆಯ ಕಾಗದಗಳಲ್ಲಿ ಸಿಕ್ಕಿದೆ. ಅಂಚೆಮುದ್ರೆ ಜನವರಿ ಮೂವತ್ತರದು.

ಬಸುರಿಯ ಗಂಟಲಿನಿಂದ ಕೆಳಗೆ ಹೋಗುವುದೆಲ್ಲ ಮಗುವಿಗೂ ತಲುಪುತ್ತದೆಯೆಂದು ಹಿರಿಯ ಹೆಂಗಸರು ಹೇಳಿಕೊಟ್ಟಿದ್ದರು. ನನ್ನ ಭಯ ಅಲ್ಲಿಂದಲೇ ಹುಟ್ಟಿತು. ಬಾಯಲ್ಲಿ ಕೀವಿನ ರುಚಿ ಬರತೊಡಗಿತ್ತು. ನುಂಗಲು ಹೆದರಿಕೆ, ಎಲ್ಲರ ಮುಂದೆ ಉಗುಳಲು ನಾಚಿಕೆ. ಸೆರಗಿನ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದೆ.

ಶುಕ್ರವಾರ, ಫೆಬ್ರವರಿ ಎರಡರಂದು, ಕೆನ್ನೆ ಊದಿತು. ಅತ್ತೆ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ತಮ್ಮ ಅಂಗೈಗೆ ಮೊದಲು ಒತ್ತಿ ನೋಡಿ, ನನ್ನ ದವಡೆಗೆ ಶಾಖ ಕೊಟ್ಟರು. ಆ ಕೈ ಎಷ್ಟು ಮೃದುವಾಗಿತ್ತೆಂದು ಹೇಳದಿದ್ದರೆ ಈ ಬರಹ ಅನ್ಯಾಯವಾಗುತ್ತದೆ. ಗಂಟೆಗೊಮ್ಮೆ ಎರಡು ದಿನ ಕೊಟ್ಟರು. ಹಲ್ಲಿನ ಬುಡದ ಕೀವಿಗೆ ಹೊರಗಿನಿಂದ ಶಾಖ ಕೊಟ್ಟರೆ ಅದು ಒಳಗೆ ಒಡೆಯುವ ಬದಲು ಚರ್ಮದ ಕಡೆಗೆ ದಾರಿ ಹುಡುಕುತ್ತದೆ ಎಂಬುದು ಬಂಟ್ವಾಳದ ವೈದ್ಯರು ಹೇಳಿದ ಮೇಲೆ ನಮಗೆ ತಿಳಿಯಿತು. ಶನಿವಾರ ಸಂಜೆಗೆ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಭಾನುವಾರ ಬೆಳಿಗ್ಗೆ ಬಾವು ಕುತ್ತಿಗೆಯ ಕಡೆಗೆ ಇಳಿದಿತ್ತು, ಮೈ ಸುಡುತ್ತಿತ್ತು. ಮಗು ಹಿಂದಿನ ದಿನ ಮಧ್ಯಾಹ್ನದಿಂದ ಅಲುಗಿದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆಂದು ಹೆದರಿ, ಗೋಡೆಗೆ ಮುಖ ಮಾಡಿ ಮಲಗಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಬೇಲಿಯಾಚೆಯ ಬ್ಯಾರಿ ಮುಸ್ಲಿಮರ ಮನೆಯ ಹಿರಿಯಾಕೆ ಬಂದರು. ಅತ್ತೆಗೂ ಅವರಿಗೂ ಮೂವತ್ತು ವರ್ಷಗಳ ನೆರೆ. ನಾವೆಲ್ಲ ಅವರನ್ನು ‘ಉಮ್ಮ’ ಎನ್ನುತ್ತಿದ್ದೆವು. ಜಗಲಿಯಿಂದಲೇ ಅವರ ಧ್ವನಿ ಕೇಳಿಸಿತು.

“ಎಂತ ಮಾರಾಯ್ತಿ, ಲೋಕ ಮುಳುಗುತ್ತದೆ ಅಂತ ನಿನ್ನ ಬಾವಿಯ ಹಗ್ಗ ಅಡಗಿಸಿ ಇಟ್ಟಿದ್ದೀಯಾ? ನನ್ನ ಕೊಡ ಬಾವಿಗೆ ಬಿದ್ದಿದೆ, ಹಗ್ಗ ಸ್ವಲ್ಪ ಕೊಡು.”

“ನಗಾಡಬೇಡ. ಒಳಗೆ ಹುಡುಗಿಗೆ ಜ್ವರ.”

ಉಮ್ಮ ಒಳಗೆ ಬಂದರು. ನನ್ನ ಗಲ್ಲವನ್ನು ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ನಗು ನಿಂತುಹೋಯಿತು. ಕುತ್ತಿಗೆಯ ಬಾವನ್ನು ಎರಡು ಬೆರಳಿನಿಂದ ಮುಟ್ಟಿ, ಕೈ ಹಿಂದೆಳೆದುಕೊಂಡರು.

“ಎಷ್ಟು ದಿನ ಆಯ್ತು?”

“ಬಾವು ಮೂರನೇ ದಿನ. ಅಷ್ಟಗ್ರಹ ನಾಳೆಗೆ ಮುಗೀತದೆ. ಮಂಗಳವಾರ ಏನಾದರೂ ಮಾಡುವ” ಎಂದರು ಅತ್ತೆ.

“ಮಂಗಳವಾರ ಮಾಡುವುದೆಂತ? ಆ ಸರ್ತಿ ಮಾಡಿದ್ದಾ?”

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ನೀನು ಆ ಸುದ್ದಿ ತೆಗೆಯಬೇಡ.”

“ತೆಗೀತೇನೆ. ಹತ್ತು ವರ್ಷ ತೆಗೆಯಲಿಲ್ಲ, ಸಾಕು. ನಿನ್ನ ದೊಡ್ಡವಳಿಗೂ ಬಾವು ಇಲ್ಲಿಗೇ ಇಳಿದಿತ್ತು. ನಾನು ನೋಡಿದ್ದೇನೆ. ಇದೇ ಜಾಗ.”

“ಅವಳನ್ನು ಕೊಂದದ್ದು ಇಕ್ಕಳ! ಆ ಹಲ್ಲು ಕೀಳುವವ ಬಂದು ಕಿತ್ತ ಮೇಲೆ ರಕ್ತ ನಿಲ್ಲಲೇ ಇಲ್ಲ.”

“ಕೀಳುವವ ಬಂದದ್ದು ಯಾವಾಗ? ಅವಳಿಗೆ ನೀರು ಇಳಿಯದೆ ಎರಡು ದಿನ ಆದ ಮೇಲೆ. ಅಷ್ಟು ದಿನ ನೀನೂ ನಾನೂ ಸೇರಿ ಉಪ್ಪಿನ ಗಂಟು ಇಟ್ಟದ್ದು. ನಾನೂ ಇಟ್ಟದ್ದು ಮಾರಾಯ್ತಿ, ನಿನ್ನ ಒಬ್ಬಳ ತಲೆಗೆ ಕಟ್ಟುವುದಿಲ್ಲ. ಇಕ್ಕಳ ಬರುವಾಗ ಅವಳು ಅರ್ಧ ಹೋಗಿ ಆಗಿತ್ತು.”

ದೂರದಲ್ಲಿ ಹೋಮದ ಮಂತ್ರ ಕೇಳಿಸುತ್ತಿತ್ತು. ಹೀಗೆ, ಜ್ವರದಲ್ಲಿ ಮಲಗಿದ್ದಾಗ, ನಾನು ಬಂದ ಮನೆಯ ಹಿರಿಯ ಮಗಳು ಮೊದಲ ಬಸುರಿನಲ್ಲಿ ಇದೇ ಬಗೆಯ ಬಾವಿನಿಂದ ಹೋದಳೆಂದು ನನಗೆ ತಿಳಿಯಿತು. ಅವಳು ತೀರಿಕೊಂಡ ವರ್ಷವನ್ನು ನಾನು ಆಮೇಲೆ ಬಹಳ ಹುಡುಕಿದೆ. ಪತಿ ಆಗ ಹೈಸ್ಕೂಲಿನಲ್ಲಿದ್ದರೆಂಬ ಒಂದೇ ಎಳೆಯಿಂದ ೧೯೫೧ ಅಥವಾ ೧೯೫೨ ಎಂದು ಊಹಿಸಬಹುದು. ಅದಕ್ಕಿಂತ ಖಚಿತವಾಗಿ ಬರೆಯಲು ಆಧಾರವಿಲ್ಲ.

ಅತ್ತೆ ನನ್ನ ಹಾಸಿಗೆಯ ಬಳಿ ಕುಳಿತರು. “ಒಳಗೆ ಅಲುಗುತ್ತಾ ಉಂಟಾ?” ಎಂದು ಕೇಳಿದರು.

ನಾನು ಇಲ್ಲವೆಂದು ತಲೆಯಾಡಿಸಿದೆ.

ಅವರು ಎದ್ದು ಹೊರಗೆ ಹೋಗಿ ಮಗನಿಗೆ ಹೇಳಿದ್ದು ಕೇಳಿಸಿತು: “ನಾಳೆ ಮೊದಲಿನ ಬಸ್ಸಿಗೆ ಹೋಗುವ.”

“ಅಮ್ಮ, ನಾಳೆ ಇನ್ನೂ...”

“ನಾಳೆ ಸೋಮವಾರ ಅಂತ ನನಗೂ ಗೊತ್ತುಂಟು.”

ಆ ಬಸ್ಸಿನ ಕಿಟಕಿಯಿಂದ ಮಳೆನೀರು ತೊಡೆಯ ಮೇಲೆ ಬೀಳುತ್ತಿತ್ತೆಂಬ ಚಿತ್ರವೊಂದು ನನ್ನ ಮನಸ್ಸಿನಲ್ಲಿದೆ. ಫೆಬ್ರವರಿಯಲ್ಲಿ ನಮ್ಮಲ್ಲಿ ಅಂಥ ಮಳೆಯಿಲ್ಲ. ಅದು ಬೇರೆ ಯಾವುದೋ ಪ್ರಯಾಣದ್ದಿರಬೇಕು. ಅಂದು ಇದ್ದದ್ದು ಕೆಂಪು ಧೂಳು. ಬಸ್ಸಿನಲ್ಲಿ ನಮ್ಮನ್ನು ಬಿಟ್ಟರೆ ಇನ್ನಿಬ್ಬರೇ ಇದ್ದದ್ದು. ಕಂಡಕ್ಟರ್ ಟಿಕೆಟು ಹರಿಯುವಾಗ ಅತ್ತೆ, ಹೆದರಿಕೆ ಮುಚ್ಚಿಕೊಳ್ಳಲೆಂದೇ ಇರಬೇಕು, ಕೇಳಿದರು:

“ಲೋಕ ಮುಳುಗುವ ದಿನ ಟಿಕೆಟ್ ಎಂತಕ್ಕೆ ಮಗಾ?”

“ಮುಳುಗುವುದು ಸಂಜೆಗೆ ಅಂತೆ ಅಮ್ಮ. ಬಂಟ್ವಾಳ ಬೆಳಿಗ್ಗೆಯೇ ಬರ್ತದೆ.”

ಪುಂಜಾಲಕಟ್ಟೆ ದಾಟುವವರೆಗೆ ಅತ್ತೆ ಒಂದು ಕೈಯಿಂದ ಮುಂದಿನ ಸೀಟನ್ನೂ ಇನ್ನೊಂದರಿಂದ ನನ್ನ ಹೊಟ್ಟೆಯನ್ನೂ ಒತ್ತಿ ಹಿಡಿದಿದ್ದರು. ಪ್ರತಿ ಗುಂಡಿಗೂ ಬಸ್ಸು ಹಾರುತ್ತಿತ್ತು. ಅಲುಗಿದ್ದು ಬಸ್ಸೋ ಮಗುವೋ ತಿಳಿಯುತ್ತಿರಲಿಲ್ಲ. ನಾನು ಮನಸ್ಸಿನಲ್ಲಿ ಮಗುವಿನ ಬಳಿ ಬೇಡಿಕೊಳ್ಳುತ್ತಿದ್ದೆ. ಎಲ್ಲ ಹಲ್ಲುಗಳನ್ನೂ ಕೊಡುತ್ತೇನೆಂದು ಬೇಡಿಕೊಂಡದ್ದು ಇಂದಿಗೂ ನೆನಪಿದೆ.

ವೈದ್ಯರು ವಯಸ್ಸಾದವರು, ಮಾತು ಕಡಿಮೆ. ಬಾಯಿ ತೆರೆಯಲು ಹೇಳಿದರು, ತೆರೆಯಲಾಗಲಿಲ್ಲ. ದವಡೆಯ ಕೆಳಗೆ ಹೊಳೆಯುತ್ತಿದ್ದ ಚರ್ಮವನ್ನು ನೋಡಿ ಶಾಖ ಕೊಟ್ಟವರು ಯಾರೆಂದು ಕೇಳಿದರು. ಅತ್ತೆ ಕೈ ಎತ್ತಿದರು, ಶಾಲೆಯ ಮಕ್ಕಳು ಎತ್ತುವಂತೆ. ವೈದ್ಯರು ಬೈಯಲಿಲ್ಲ. ಆ ದಿನ ಹಲ್ಲು ಮುಟ್ಟುವ ಹಾಗಿಲ್ಲ, ಮೊದಲು ಕೀವು ಹೊರಗೆ ಬರಬೇಕು, ಅದು ಇನ್ನು ಹೊರಗಡೆಯಿಂದಲೇ ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ದವಡೆಯ ಅಂಚಿನಲ್ಲಿ ಅರ್ಧ ಅಂಗುಲ ಕೊಯ್ದು ಕೀವು ತೆಗೆದರು. ಆಮೇಲೆ ಪೆನಿಸಿಲಿನ್ ಚುಚ್ಚುಮದ್ದು. ದಾದಿಯೊಬ್ಬರು ಮರದ ನಳಿಗೆಯನ್ನು ಹೊಟ್ಟೆಗೆ ಆನಿಸಿ ಕಿವಿಯಿಟ್ಟರು. ಜಾಗ ಬದಲಿಸಿದರು, ಮತ್ತೊಮ್ಮೆ ಬದಲಿಸಿದರು.

“ಕೇಳ್ತದೆ” ಎಂದರು ದಾದಿ. “ಆದರೆ ತಾಯಿಯ ಜ್ವರ ಇಳಿಯಬೇಕು.”

ಎರಡು ದಿನ ಅಲ್ಲೇ ಉಳಿದೆವು. ಜ್ವರ ಮಂಗಳವಾರ ಇಳಿಯಿತು. ಬುಧವಾರ ಬೆಳಿಗ್ಗೆ ಬಾಯಿ ಎರಡೂವರೆ ಬೆರಳಿನಷ್ಟು ತೆರೆಯಿತು. ವೈದ್ಯರು ಹಲ್ಲು ಕೀಳುವುದಾಗಿ ಹೇಳಿ ಪತಿಯ ಮುಖ ನೋಡಿದರು. ಪತಿ ತಾಯಿಯ ಮುಖ ನೋಡಿದರು. ಅತ್ತೆ ಮೇಜಿನ ಮೇಲಿದ್ದ ಇಕ್ಕಳವನ್ನೇ ನೋಡುತ್ತಿದ್ದರು.

“ರಕ್ತ ನಿಲ್ಲದಿದ್ದರೆ?” ಎಂದು ಕೇಳಿದರು.

“ನಿಲ್ಲುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ” ಎಂದರು ವೈದ್ಯರು.

ಅತ್ತೆ ನನ್ನ ಹಿಂದೆ ಬಂದು ನಿಂತು, ಎರಡು ಕೈಗಳಲ್ಲಿ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಮರಗಟ್ಟಿಸುವ ಮದ್ದು ಚುಚ್ಚಿದ್ದರೂ ಮೂಳೆಯೊಳಗಿನ ಕರಕರ ಸದ್ದು ಕೇಳುತ್ತಿತ್ತು. ಆ ಸದ್ದು ಅತ್ತೆಯ ಎದೆಗೂ ಕೇಳಿಸಿರಬೇಕು. ಹಲ್ಲು ಬಂತು. ವೈದ್ಯರು ಬಟ್ಟೆಯ ಉಂಡೆ ಕಚ್ಚಿಸಿ, ಹೇಳಿದಂತೆಯೇ ಎದುರಿನ ಕುರ್ಚಿಯಲ್ಲಿ ಕುಳಿತರು. ಅತ್ತೆ ಬಿಳಿ ಬಸಿಯನ್ನು ನನ್ನ ಗಲ್ಲದ ಕೆಳಗೆ ಹಿಡಿದು, ಉಗುಳಿದ್ದನ್ನು ಪ್ರತಿ ಸಲವೂ ಕಿಟಕಿಯ ಬೆಳಕಿಗೆ ತಂದು ನೋಡಿದರು. ಮೊದಲು ಕಡುಕೆಂಪು. ಆಮೇಲೆ ದಾಸವಾಳ ಹಿಂಡಿದ ನೀರಿನ ಬಣ್ಣ. ಗಂಟೆ ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಕೊನೆಗೊಮ್ಮೆ ಬಸಿಯನ್ನು ಬಹಳ ಹೊತ್ತು ಹಿಡಿದುಕೊಂಡೇ ನಿಂತರು.

“ಇದು ಬರೀ ಎಂಜಲು” ಎಂದರು. ಬಸಿಯನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಳಿತು ಅತ್ತರು. ಅವರು ಅತ್ತದ್ದು ನನಗಾಗಿ ಮಾತ್ರವಲ್ಲವೆಂದು ನನಗೆ ಗೊತ್ತಿತ್ತು. ಆ ಮಧ್ಯಾಹ್ನ, ಗಂಜಿಯ ತಿಳಿ ಕುಡಿದು ಮಲಗಿದ್ದಾಗ, ಮಗು ಪಕ್ಕೆಗೆ ಒಮ್ಮೆ ಒದೆಯಿತು.

ಮಾಘ ಶುದ್ಧದಲ್ಲಿ, ಏಳನೆಯ ತಿಂಗಳು ತುಂಬುವ ಮೊದಲೇ, ಬೆಳ್ತಂಗಡಿಯ ಮನೆಯಲ್ಲಿ ಬಯಕೆಯ ಊಟ ನಡೆಯಿತು. ನನ್ನ ದವಡೆಗೆ ಇನ್ನೂ ಪಟ್ಟಿ ಕಟ್ಟಿತ್ತು. ಬಂದ ಹೆಂಗಸರೆಲ್ಲ ಕೇಳಿದ್ದು ಒಂದೇ. ಅತ್ತೆ ಹೋಳಿಗೆ ಬಡಿಸುತ್ತ ಎಲ್ಲರಿಗೂ ಕೊಟ್ಟದ್ದು ಒಂದೇ ಉತ್ತರ:

“ಹಲ್ಲು ತಾನಾಗಿ ಬಿತ್ತು. ಮಗು ಕೇಳಿತು, ಕೊಟ್ಟಾಯ್ತು.”

ನಾನು ಬೆಚ್ಚಿ ಅವರ ಕಡೆ ನೋಡಿದೆ. ಅವರು ನೋಡಲಿಲ್ಲ. ಬಸುರಿ ಸೊಸೆಯ ಬಾಯಿಗೆ ಇಕ್ಕಳ ಹಾಕಿಸಿದ್ದು, ಅದೂ ಅಷ್ಟಗ್ರಹದ ಸೋಮವಾರ ಮನೆಯಿಂದ ಹೊರಡಿಸಿದ್ದು, ಆ ಪಂಕ್ತಿಯಲ್ಲಿ ಹೇಳಬಹುದಾದ ಮಾತಾಗಿರಲಿಲ್ಲ. ಹೆಂಗಸರು ತಲೆದೂಗಿದರು, ಒಬ್ಬಿಬ್ಬರು ತಮ್ಮ ತಮ್ಮ ಹಲ್ಲುಗಳ ಲೆಕ್ಕ ಹೇಳಿದರು. ಪಂಕ್ತಿಯ ತುದಿಯಲ್ಲಿ ಕುಳಿತಿದ್ದ, ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದ ಐದು ತಿಂಗಳ ಬಸುರಿಯೊಬ್ಬಳು ಅತ್ತೆಯ ಮಾತನ್ನು ತುತ್ತು ನಿಲ್ಲಿಸಿ ಕೇಳಿದಳು. ಅವಳು ಎಡಗಡೆಯಿಂದ ಮಾತ್ರ ಜಗಿಯುತ್ತಿದ್ದಳು. ಅದು ನನಗಲ್ಲದೆ ಬೇರೆ ಯಾರಿಗೂ ಕಾಣಿಸಿರಲಾರದು.

ಊಟವಾಗಿ ಕೈ ತೊಳೆಯುವಲ್ಲಿ ಅವಳು ಬಾಯಿಗೆ ನೀರು ಹಾಕಿಕೊಂಡು, ಮುಕ್ಕಳಿಸದೆ ಮೆಲ್ಲಗೆ ಉಗುಳಿದಳು. ಕೆಂಪಾಗಿತ್ತು. ಸರಕ್ಕನೆ ಕಾಲಿನಿಂದ ಮಣ್ಣು ಎಳೆದು ಮುಚ್ಚಿದಳು.

“ಯಾವ ಹಲ್ಲು?” ಎಂದೆ.

ಅವಳು ಹೆದರಿ ಸುತ್ತ ನೋಡಿದಳು. “ಎಂತದೂ ಇಲ್ಲ ಅಕ್ಕ. ನಿಮ್ಮದರ ಹಾಗೆ ತನ್ನಿಂದ ತಾನೇ ಬೀಳ್ತದೆ ಅಂತ ನಮ್ಮ ಅತ್ತೆ ಹೇಳಿದ್ದಾರೆ.”

ನನ್ನ ಅತ್ತೆ ಐದಾರು ಮಾರು ದೂರದಲ್ಲಿ ನಿಂತು ವೀಳ್ಯ ಹಂಚುತ್ತಿದ್ದರು. ಪಟ್ಟಿಯೊಳಗಿನ ಗಾಯ ಮಾತಾಡುವಾಗ ಎಳೆಯುತ್ತಿತ್ತು. ನಾನು ಮೆಲ್ಲಗೆ ಹೇಳಿದೆ.

“ನನ್ನದು ಬಿದ್ದದ್ದಲ್ಲ. ಬಂಟ್ವಾಳದಲ್ಲಿ ಕೀಳಿಸಿದ್ದು. ನೀನು ನಾಳೆಯೇ ಹೋಗು.”

“ಕೀಳಿಸಿದ್ದಾ? ಮತ್ತೆ ಮಗು?”

ಅವಳ ಒದ್ದೆ ಕೈಯನ್ನು ಹಿಡಿದು ನನ್ನ ಸೀರೆಯ ಮೇಲೆ, ಪಕ್ಕೆಯ ಕೆಳಗೆ, ಇಟ್ಟುಕೊಂಡೆ. ಮಗು ತಕ್ಷಣ ಅಲುಗಲಿಲ್ಲ. ಅವಳು ಕೈ ತೆಗೆಯಲು ನೋಡಿದಳು, ನಾನು ಬಿಡಲಿಲ್ಲ. ಅತ್ತೆ ವೀಳ್ಯದ ತಟ್ಟೆ ಹಿಡಿದು ನಮ್ಮ ಕಡೆಗೆ ತಿರುಗಿದ್ದರು. ಅವರು ನಮ್ಮಿಬ್ಬರನ್ನೂ ನೋಡಿದರು, ಅವಳ ಕೈ ಎಲ್ಲಿದೆಯೆಂದು ನೋಡಿದರು, ಉಳಿದ ಹೆಂಗಸರನ್ನು ಮಾತಿಗೆಳೆದುಕೊಂಡು ಆಚೆ ನಡೆದರು. ನಾವಿಬ್ಬರೂ ಅಲ್ಲೇ ನಿಂತೆವು. ಆಮೇಲೆ ಅವಳ ಕಣ್ಣು ಅರಳಿತು.